ಹಳಿ ಇದೆ, ನಿಲ್ದಾಣ ಇದೆ, ರೈಲು ಎಲ್ಲಿ ಸ್ವಾಮಿ?

2022ರಲ್ಲಿ ನಮ್ಮ ಊರುಗಳಿಗೆ ಮಣ್ಣು ಕೇಳಿಕೊಂಡು ರಥ ಬಂದಿದ್ದು ನಿಮಗೆ ನೆನಪಿರಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಾಡಪ್ರಭು ಕೆಂಪೇಗೌಡರ 108 ಅಡಿ ಪ್ರತಿಮೆ ನಿಲ್ಲಿಸುತ್ತೇವೆ, ಅದಕ್ಕೆ ನಾಡಿನ ಊರೂರಿನ ಪವಿತ್ರ ಮೃತ್ತಿಕೆ ಬೇಕು ಎಂದರು. ಕೊಟ್ಟೆವು. ಕೆರೆ ಮಣ್ಣು ಕೊಟ್ಟೆವು, ಗುಡಿ ಮುಂದಿನ ಮಣ್ಣು ಕೊಟ್ಟೆವು. ನವೆಂಬರ್ 11ಕ್ಕೆ ಪ್ರಧಾನಿ ಬಂದು ಪ್ರತಿಮೆಯನ್ನೂ, ಎರಡನೇ ಟರ್ಮಿನಲ್ಲನ್ನೂ ಉದ್ಘಾಟಿಸಿದರು. ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು.

ಪ್ರತಿಮೆಯ ಬಗ್ಗೆ ನಮ್ಮ ತಕರಾರಿಲ್ಲ. ಕೆಂಪೇಗೌಡರು ನಮ್ಮವರು. ಅವರ ಮನೆತನದ ಮೂಲ ಅದೇ ದೇವನಹಳ್ಳಿ ಪಕ್ಕದ ಆವತಿ. ಊರು ಕಟ್ಟುವಾಗ ಎತ್ತು ಹೂಡಿ, ನೇಗಿಲ ಗೆರೆ ಎಳೆಸಿ ನಾಲ್ಕು ದಿಕ್ಕಿಗೂ ಬೀದಿ ಹಾಕಿಸಿದರು ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಹಳ್ಳಿಯ ಗಾಡಿ ಪೇಟೆಯ ಒಳಗೆ ಬರಲಿ ಎಂದೇ ಆ ಬೀದಿ.

ಅವರ ಹೆಸರಿನ ವಿಮಾನ ನಿಲ್ದಾಣದಿಂದ ಅವರ ಹೆಸರಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್. ನಮ್ಮ ಪ್ರಶ್ನೆ ಇಷ್ಟೇ. ನಮ್ಮೂರ ಮಣ್ಣಿಗೆ ಅಲ್ಲಿಗೆ ಹೋಗಲು ರಥ ಸಿಕ್ಕಿತು. ನಮ್ಮೂರ ಜನಕ್ಕೆ ಅಲ್ಲಿಂದ ಮೆಜೆಸ್ಟಿಕ್‌ಗೆ ಬರಲು ಕೈಗೆಟುಕುವ ದರದ ಒಂದು ರೈಲು, ಒಂದು ಕೆಂಪು ಬಸ್ಸು ಯಾಕೆ ಸಿಗುವುದಿಲ್ಲ?

"ಹಳ್ಳಿಯವರಿಗೆ ವಿಮಾನದ ಉಸಾಬರಿ ಯಾಕೆ?"

ಈ ಮಾತನ್ನು ಮೊದಲು ಮುಗಿಸಿಬಿಡೋಣ. ಈ ವಿಷಯ ಎತ್ತಿದಾಗಲೆಲ್ಲ ನಮಗೆ ಬರುವ ಉತ್ತರ ಇದೇ. ವಿಮಾನ ಹತ್ತುವಷ್ಟು ದುಡ್ಡಿದ್ದವನಿಗೆ ಟ್ಯಾಕ್ಸಿಗೆ ದುಡ್ಡಿರುವುದಿಲ್ಲವೇ ಎಂದು ಕೇಳುತ್ತಾರೆ.

ನಿಮ್ಮ ಊರಿನಲ್ಲೇ ಲೆಕ್ಕ ಹಾಕಿ ನೋಡಿ. ಸಾಲ ಮಾಡಿ ಗಲ್ಫ್‌ಗೆ ಹೋದ ಡ್ರೈವರ್, ಎಲೆಕ್ಟ್ರಿಷಿಯನ್, ಗಾರೆ ಕೆಲಸದವರು ಎಷ್ಟು ಮಂದಿ? ನರ್ಸಿಂಗ್ ಓದಿ ಹೊರದೇಶಕ್ಕೆ ಹೋದ ಹೆಣ್ಣುಮಕ್ಕಳು? ಈಶಾನ್ಯದ ಗಡಿಯಿಂದ ಹತ್ತು ದಿನದ ರಜೆಗೆ ಬರುವ ಯೋಧರು? ರೈಲಿನಲ್ಲಿ ಬಂದರೆ ರಜೆ ದಾರಿಯಲ್ಲೇ ಮುಗಿಯುತ್ತದೆ ಎಂದು ಅವರು ವಿಮಾನ ಹತ್ತುತ್ತಾರೆ. ಹಜ್‌ಗೆ ಹೊರಟ ಹಿರಿಯರು, ಕಾಶಿಗೆ ಹೊರಟ ಅಜ್ಜ ಅಜ್ಜಿ, ಡೆಲ್ಲಿಯ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋಗುವ ತಂದೆ ತಾಯಿ. ಇವರಲ್ಲಿ ಶ್ರೀಮಂತರು ಎಷ್ಟು ಜನ? ಟಿಕೆಟ್ ಮಾಡಿಸಿದ್ದು ಕಂಪನಿ, ಇಲ್ಲವೇ ಏಜೆಂಟ್, ಇಲ್ಲವೇ ಮಗ. ಜೇಬಿನಲ್ಲಿ ಉಳಿಯುವುದು ಊರು ಸೇರುವಷ್ಟು ಚಿಲ್ಲರೆ.

ವಿಮಾನ ಹತ್ತದವರೂ ಅಲ್ಲಿಗೆ ದಿನಾ ಹೋಗುತ್ತಾರೆ. ಟರ್ಮಿನಲ್ ಒರೆಸುವವರು, ಲಗೇಜ್ ಎತ್ತುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು, ರಾತ್ರಿ ಕಾವಲು ಕಾಯುವವರು. ಅವರ ಸಂಬಳದಲ್ಲಿ ದಿನಾ ಎಸಿ ಬಸ್ ಹತ್ತಲು ಆಗುತ್ತದೆಯೇ?

ಇನ್ನೂ ಒಂದು ಮಾತು. ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜ್ ಹತ್ತಬೇಕು ಎಂದು ಹೇಳಿದ್ದು ನಾವಲ್ಲ. 2017ರಲ್ಲಿ ಉಡಾನ್ ಯೋಜನೆಯ ವಿಮಾನ ಹಾರಿಸುವಾಗ ಪ್ರಧಾನಿಯೇ ಹೇಳಿದ್ದು. ಒಂದು ಗಂಟೆಯ ಹಾರಾಟಕ್ಕೆ ಉಡಾನ್ ಸೀಟಿನ ದರ 2,500 ರೂಪಾಯಿ ಎಂದು ಮಿತಿ ಹಾಕಿದರು. ಬೀದರ್, ಕಲಬುರಗಿ, ಶಿವಮೊಗ್ಗದಲ್ಲಿ ಜನರ ದುಡ್ಡಿನಲ್ಲಿ ನಿಲ್ದಾಣ ಸಜ್ಜು ಮಾಡಿದರು. ಚಪ್ಪಲಿ ಹಾಕಿದವನನ್ನು ಮೇಲೆ ಹತ್ತಿಸಿದ್ದು ಸರಿ. ಕೆಳಗೆ ಇಳಿದ ಮೇಲೆ ಅವನು ಹೇಗೆ ಹೋಗಬೇಕು ಎಂದು ಯಾರಾದರೂ ಯೋಚಿಸಿದರೇ?

ಇಳಿದ ಮೇಲಿನ ಲೆಕ್ಕ

ಮೊದಲು ಟ್ಯಾಕ್ಸಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಟ್ಯಾಕ್ಸಿಗಳಿಗೆ ಏಕರೂಪ ದರ ನಿಗದಿ ಮಾಡಿತು. 10 ಲಕ್ಷ ರೂಪಾಯಿ ಒಳಗಿನ ಕಾರಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 24. ಮೆಜೆಸ್ಟಿಕ್‌ಗೆ 35 ಕಿಲೋಮೀಟರ್ ಎಂದು ಹಿಡಿದರೆ 844 ರೂಪಾಯಿ. ಅದರ ಮೇಲೆ ಜಿಎಸ್‌ಟಿ, ಸಾದಹಳ್ಳಿಯ ಟೋಲ್. ಅಲ್ಲಿಗೆ ಸಾವಿರದ ಹತ್ತಿರ ಬಂತು. ಇದು ಸರ್ಕಾರವೇ ನ್ಯಾಯ ಎಂದು ಒಪ್ಪಿದ ದರ. ಮೋಸ ಹೋದರೆ ಎಷ್ಟು ಎಂಬುದು ಬೇರೆ ಕಥೆ. ನಮ್ಮ ಬಳಗದ ಒಬ್ಬನಿಗೆ ರಾತ್ರಿ ಹೊತ್ತಿನಲ್ಲಿ ಹೊರಗೆ ನಿಂತಿದ್ದವನೊಬ್ಬ, ಮೆಜೆಸ್ಟಿಕ್‌ಗೆ ಬಸ್ಸೆಲ್ಲ ಮುಗಿದಿವೆ ಎಂದು ಹೇಳಿ 2,500 ರೂಪಾಯಿ ಕೇಳಿದ್ದ. ಬಸ್ಸು ಆಚೆ ಬದಿಯಲ್ಲಿ ನಿಂತಿತ್ತು.

2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದು ಟ್ಯಾಕ್ಸಿ ಪ್ರಯಾಣಕ್ಕೆ ಎರಡೂವರೆ ದಿನದ ಕೂಲಿ ಸಾಲದು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅಷ್ಟು ದೂರದ ಉಡಾನ್ ಸೀಟಿಗೆ ಗೊತ್ತು ಮಾಡಿದ ದರದ ಮೂರನೇ ಒಂದು ಪಾಲಿಗಿಂತ ಹೆಚ್ಚು ದುಡ್ಡು, ಕೊನೆಯ 35 ಕಿಲೋಮೀಟರ್‌ಗೇ ಹೋಗುತ್ತದೆ.

ಇನ್ನು ಬಸ್ಸು. ಬಿಎಂಟಿಸಿಯ ವಾಯುವಜ್ರ ಇದೆ, ಒಳ್ಳೆಯ ಬಸ್ಸು. ಮೆಜೆಸ್ಟಿಕ್‌ಗೆ ಬರುವುದು ಕೆಐಎ-9 ನಂಬರಿನದು. ರಾತ್ರಿಯೂ ಓಡುತ್ತದೆ, ಲಗೇಜ್ ಇಡಲು ಜಾಗ ಇದೆ. ಈ ಸೇವೆಯನ್ನು ನಾವು ಹೀಯಾಳಿಸುವುದಿಲ್ಲ. ಆದರೆ ಟಿಕೆಟ್ ಇನ್ನೂರೈವತ್ತು, ಮುನ್ನೂರರ ಆಸುಪಾಸು. ಅಷ್ಟು ದುಡ್ಡಿಗೆ ಮೆಜೆಸ್ಟಿಕ್‌ನಿಂದ ಕೆಂಪು ಬಸ್ಸಿನಲ್ಲಿ ಮೈಸೂರಿಗೇ ಹೋಗಬಹುದು, ಇಳಿದು ಮಸಾಲೆ ದೋಸೆ ತಿನ್ನಲೂ ದುಡ್ಡು ಉಳಿಯುತ್ತದೆ. ಗಂಡ, ಹೆಂಡತಿ, ಇಬ್ಬರು ದೊಡ್ಡ ಮಕ್ಕಳು ಬಂದರೆ ಟ್ಯಾಕ್ಸಿಯಷ್ಟೇ ಆಯಿತು.

ಅಕ್ಕಂದಿರೇ, ಇದು ನಿಮಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಕೆಂಪು ಬಸ್ಸಿನಲ್ಲಿ ಬೀದರಿನಿಂದ ಚಾಮರಾಜನಗರದವರೆಗೂ ನಿಮಗೆ ಟಿಕೆಟ್ ಇಲ್ಲ. ಆದರೆ ಎಸಿ ಬಸ್ಸಿಗೆ ಶಕ್ತಿ ಇಲ್ಲ. ಟರ್ಮಿನಲ್ ಮುಂದೆ ನಿಂತು ಮೆಜೆಸ್ಟಿಕ್‌ಗೆ ಹೋಗಲು ಎಸಿ ಬಸ್ ಬಿಟ್ಟರೆ ಬೇರೆ ಬಸ್ಸಿಲ್ಲ. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಗೆ, ಚಿಕ್ಕಬಳ್ಳಾಪುರಕ್ಕೆ, ಬಾಗೇಪಲ್ಲಿಗೆ ಹೋಗುವ ಕೆಂಪು ಬಸ್ಸುಗಳು ವಿಮಾನ ನಿಲ್ದಾಣದ ತಿರುವಿನಲ್ಲೇ ಹಾದುಹೋಗುತ್ತವೆ. ಒಳಗೆ ಬರುವುದಿಲ್ಲ. ಟರ್ಮಿನಲ್‌ನಿಂದ ಹೆದ್ದಾರಿಯವರೆಗೆ ಚೀಲ ಹೊತ್ತು ನಡೆಯುವ ದೂರವೂ ಅಲ್ಲ. ಹಾಗಾಗಿ ಇಡೀ ರಾಜ್ಯದಲ್ಲಿ ನಡೆಯುವ ನಿಮ್ಮ ಆಧಾರ್ ಕಾರ್ಡು, ಕರ್ನಾಟಕದ ಹೆಬ್ಬಾಗಿಲು ಎಂದು ಕರೆಸಿಕೊಳ್ಳುವ ಜಾಗದಲ್ಲೇ ನಡೆಯುವುದಿಲ್ಲ.

ನೂರು ವರ್ಷದ ಹಳಿ

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯಕ್ಕೆ ಬರೋಣ. ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ಹಳಿ ಇದೆ. ಇವತ್ತು ನಿನ್ನೆಯದಲ್ಲ. ಮೈಸೂರು ಮಹಾರಾಜರ ಕಾಲದಲ್ಲಿ ನ್ಯಾರೋಗೇಜ್ ಆಗಿ ಹಾಕಿದ್ದು, ನೂರು ವರ್ಷ ದಾಟಿದೆ. ಯಲಹಂಕ, ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ. ಆಗಿನ ಜನ ಕಲ್ಲು ಕಟ್ಟಡದ ಪುಟ್ಟ ಪುಟ್ಟ ನಿಲ್ದಾಣ ಕಟ್ಟಿ, ತರಕಾರಿ, ಬೆಲ್ಲ, ಹಣ್ಣು ಪೇಟೆಗೆ ಸಾಗಿಸಿದರು. ಈಗ ಅದು ಬ್ರಾಡ್‌ಗೇಜ್. ಈ ಕಡೆ ಯಲಹಂಕ ದಾಟಿದರೆ ನೇರ ಬೆಂಗಳೂರು ಸಿಟಿ ರೈಲು ನಿಲ್ದಾಣ, ಅಂದರೆ ಮೆಜೆಸ್ಟಿಕ್ ಎದುರಿಗೇ.

ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಪಕ್ಕದಲ್ಲೇ ಹಾದುಹೋಗುವ ಈ ಹಳಿಯ ಮೇಲೆ ದೊಡ್ಡಜಾಲ ಮತ್ತು ದೇವನಹಳ್ಳಿ ನಡುವೆ ಒಂದು ಸಣ್ಣ ಹಾಲ್ಟ್ ಸ್ಟೇಷನ್ ಕಟ್ಟಿ ರೈಲು ನಿಲ್ಲಿಸಿದ್ದು 2021ರ ಜನವರಿ 4ರಂದು. ಒಂದು ಪ್ಲಾಟ್‌ಫಾರಂ ಕಟ್ಟಲು ಹನ್ನೆರಡೂವರೆ ವರ್ಷ! ಶುರುವಿನಲ್ಲಿ ಟಿಕೆಟ್ 10, 15 ರೂಪಾಯಿ. ಹೌದು, ಸರಿಯಾಗಿಯೇ ಓದಿದ್ದೀರಿ. ಟ್ಯಾಕ್ಸಿಗೆ ಸಾವಿರ, ಎಸಿ ಬಸ್ಸಿಗೆ ಮುನ್ನೂರು, ರೈಲಿಗೆ 15.

ಹಾಗಾದರೆ ಜನ ಯಾಕೆ ರೈಲಿನಲ್ಲಿ ಹೋಗುವುದಿಲ್ಲ? ರೈಲು ಇರಬೇಕಲ್ಲ! ಶುರುವಾದಾಗ ದಿನಕ್ಕೆ ಹೋಗಿ ಬರುವ ಐದು ಜೋಡಿ ರೈಲು, ಅದೂ ಭಾನುವಾರ ಬಿಟ್ಟು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ವಿಮಾನಗಳು ಮಾತ್ರ ಹಗಲು ರಾತ್ರಿ ಇಳಿಯುತ್ತಲೇ ಇರುತ್ತವೆ. ಹಾಲ್ಟ್‌ನಿಂದ ಟರ್ಮಿನಲ್‌ಗೆ ಮೂರು ನಾಲ್ಕು ಕಿಲೋಮೀಟರ್, ಶಟಲ್ ಬಸ್ ಹಿಡಿಯಬೇಕು. ಹಳಿ ಒಂಟಿ, ಎದುರಿನಿಂದ ಇನ್ನೊಂದು ಬಂದರೆ ಇದು ನಿಲ್ಲಬೇಕು. ವರ್ಷಗಳು ಕಳೆದರೂ ಈ ಸೇವೆ ದಿನಕ್ಕೆ ಬೆರಳಲ್ಲಿ ಎಣಿಸುವಷ್ಟರಲ್ಲೇ ಇದೆ.

ಕೇಳಿದರೆ ಬರುವ ಉತ್ತರ: "ಜನ ಹತ್ತುವುದಿಲ್ಲ, ಕಲೆಕ್ಷನ್ ಇಲ್ಲ."

ಈ ಉತ್ತರ ನಮಗೆ ಚೆನ್ನಾಗಿ ಗೊತ್ತು. ನಮ್ಮ ಊರಿನ ಬಸ್ ನಿಲ್ಲಿಸಿದ್ದೂ ಇದೇ ಮಾತು ಹೇಳಿ. ಶಾಲೆಗೆ ಒಂಬತ್ತಕ್ಕೆ ಹೋಗಬೇಕಾದ ಮಕ್ಕಳಿಗೆ ಹನ್ನೊಂದಕ್ಕೆ ಬಸ್ ಬಿಡುವುದು. ಸಂತೆ ಮುಗಿಯುವ ಮೊದಲೇ ವಾಪಸ್ ತೆಗೆದುಕೊಂಡು ಹೋಗುವುದು. ವಾರದಲ್ಲಿ ಎರಡು ದಿನ ಹೇಳದೆ ಕೇಳದೆ ಕ್ಯಾನ್ಸಲ್ ಮಾಡುವುದು. ಜನ ಬೇಸತ್ತು ಆಟೋ ಹತ್ತಿದ ಮೇಲೆ, "ನೋಡಿ, ಈ ರೂಟಿಗೆ ಜನವೇ ಇಲ್ಲ" ಎಂದು ಡಿಪೋದಲ್ಲಿ ಬರೆದಿಡುವುದು. ಮೊದಲು ಹಸುವಿಗೆ ಮೇವು ನಿಲ್ಲಿಸಿ, ಆಮೇಲೆ ಹಾಲು ಕೊಡಲಿಲ್ಲ ಎಂದು ಮಾರುವ ಲೆಕ್ಕ ಇದು. ದಿನಕ್ಕೆ ಐದು ರೈಲು ನಂಬಿ ಯಾರೂ ವಿಮಾನ ತಪ್ಪಿಸಿಕೊಳ್ಳುವುದಿಲ್ಲ. ಅರ್ಧ ಗಂಟೆಗೊಂದು ರೈಲು ಓಡಿಸಿ, ಆಮೇಲೆ ಜನ ಎಣಿಸಿ.

ಕೆಂಪು ಬಸ್ಸಿಗಿಂತ ಮೊದಲು ಹೆಲಿಕಾಪ್ಟರ್

ಈ ಹಳಿಯನ್ನು ಸರಿ ಮಾಡಲು ಬಾರದ ಮನಸ್ಸು, ಬೇರೆ ಏನೇನಕ್ಕೆ ಬಂತು ನೋಡಿ.

ಮೊದಲು ಹೈಸ್ಪೀಡ್ ರೈಲು ಎಂದರು. ನಗರದ ನಡುವಿನಿಂದ ಅರ್ಧ ಗಂಟೆಯೊಳಗೆ ವಿಮಾನ ನಿಲ್ದಾಣ ಎಂದು ವರ್ಷಗಟ್ಟಲೆ ವರದಿ ಬರೆದರು. ಕಾಗದದ ಮೇಲೇ ಓಡಿ ಕಾಗದದ ಮೇಲೇ ನಿಂತಿತು.

2016ರಲ್ಲಿ ಉಕ್ಕಿನ ಮೇಲ್ಸೇತುವೆ ಬಂತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರ ಬಲಿ. ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ಕೆಲವು ನಿಮಿಷ ಬೇಗ ಹೋಗಲಿ ಎಂದು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಜನ ಬೀದಿಗಿಳಿದು ಮಾನವ ಸರಪಳಿ ಕಟ್ಟಿ "ಬೇಡ" ಎಂದರು. 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಅದೇ ಜನ "ಚುಕುಬುಕು ಬೇಕು" ಎಂದು ಸಬರ್ಬನ್ ರೈಲಿಗೂ ಹೋರಾಡಿದರು. ಪೇಟೆಯವರೆಲ್ಲ ಕಾರಿನ ಪರ ಎಂದು ತಿಳಿಯಬೇಡಿ. ಅವರ ಕೂಗೂ ನಮ್ಮದೂ ಒಂದೇ.

2018ರಲ್ಲಿ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾಯಿತು. ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾಲು ಗಂಟೆಯಲ್ಲಿ, ಸೀಟಿಗೆ ಮೂರೂವರೆ ಸಾವಿರದ ಮೇಲೆ. ಅಂದರೆ ಈ ನಾಡಿನಲ್ಲಿ ವಿಮಾನ ನಿಲ್ದಾಣದ ಪ್ರಯಾಣಿಕರಿಗೆ ಹಾಲ್ಟ್‌ನ ರೈಲಿಗಿಂತ ಮೂರು ವರ್ಷ ಮೊದಲೇ ಹೆಲಿಕಾಪ್ಟರ್ ಬಂತು. ಕೆಂಪು ಬಸ್ಸು ಇನ್ನೂ ಬಂದಿಲ್ಲ. ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಯೋಜನೆ ಮಾಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಈಗ ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಸುಮಾರು 17 ಕಿಲೋಮೀಟರ್, ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಟೋಲ್ ಕಟ್ಟಿದ ಕಾರಿಗೆ ದಾರಿ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಬೆಂಗಳೂರಿನ ಸಬರ್ಬನ್ ರೈಲು ಯೋಜನೆಗೆ 2020ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಅಂದಾಜು 15,767 ಕೋಟಿ. ಉದ್ದ 148 ಕಿಲೋಮೀಟರ್. ಅದು ಹಳೆಯ ಅಂದಾಜು, ಈಗ ಏರಿಯೇ ಏರುತ್ತದೆ. ಎರಡು ಪಟ್ಟಾಗುತ್ತದೆ ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಕಿಲೋಮೀಟರ್ ಸುರಂಗದ ದುಡ್ಡಿನಲ್ಲಿ ನಾಲ್ಕೈದು ಕಿಲೋಮೀಟರ್ ರೈಲು ಬರುತ್ತದೆ. ಸುರಂಗದಲ್ಲಿ ಕಾರು ಹೋಗುತ್ತದೆ, ರೈಲಿನಲ್ಲಿ ಜನ ಹೋಗುತ್ತಾರೆ.

ನಲವತ್ತು ತಿಂಗಳ ಮಾತು

ಆ ಸಬರ್ಬನ್ ರೈಲಿಗೆ ನಾಲ್ಕು ಮಾರ್ಗ, ನಾಲ್ಕಕ್ಕೂ ಚಂದದ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಇದರಲ್ಲಿ ಸಂಪಿಗೆಯೇ ನಮ್ಮದು. ಬೆಂಗಳೂರು ಸಿಟಿಯಿಂದ ಯಲಹಂಕದ ಮೇಲೆ ದೇವನಹಳ್ಳಿಗೆ, ಸುಮಾರು 41 ಕಿಲೋಮೀಟರ್. ನಾಲ್ಕರಲ್ಲಿ ಮೊದಲನೇ ನಂಬರು ಇದಕ್ಕೇ ಕೊಟ್ಟಿದ್ದಾರೆ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ನಲವತ್ತು ವರ್ಷ ಚರ್ಚೆಯಲ್ಲೇ ಕಳೆದ ಕೆಲಸವನ್ನು 40 ತಿಂಗಳಲ್ಲಿ ಮಾಡಿ ಮುಗಿಸಲು ಶ್ರಮಿಸುತ್ತೇನೆ ಎಂದರು.

ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ನಾಲ್ಕು ಹೂವಿನಲ್ಲಿ ಒಂದೂ ಅರಳಿಲ್ಲ. ಮೊದಲು ಕೆಲಸ ಶುರುವಾಗಿದ್ದು ಮಲ್ಲಿಗೆಯದು. ಒಂದನೇ ನಂಬರಿನ ಸಂಪಿಗೆ ಸಾಲಿನ ಹಿಂದೆ ನಿಂತಿದೆ. ಕೇಂದ್ರವನ್ನು ಕೇಳಿದರೆ ರಾಜ್ಯ ಎನ್ನುತ್ತದೆ, ರಾಜ್ಯವನ್ನು ಕೇಳಿದರೆ ಕೇಂದ್ರ ಎನ್ನುತ್ತದೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಮಾತ್ರ ಇಬ್ಬರ ಹೆಸರೂ ಇರುತ್ತದೆ.

"ಮೆಟ್ರೋ ಬರುತ್ತಿದೆಯಲ್ಲ?"

ಬರುತ್ತಿದೆ. ಬರಲಿ. ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿದ ನೀಲಿ ಮಾರ್ಗ ಅದು. ಆದರೆ ಅದು ಎಲ್ಲಿಂದ ಎಲ್ಲಿಗೆ ಎಂದು ನಕ್ಷೆ ನೋಡಿ. ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆಯಲ್ಲಿ ಕೆ.ಆರ್.ಪುರ, ಹೆಬ್ಬಾಳ, ಯಲಹಂಕ ಕಡೆಯಿಂದ ವಿಮಾನ ನಿಲ್ದಾಣ. ಹೆಚ್ಚುಕಡಿಮೆ 58 ಕಿಲೋಮೀಟರ್. ಐಟಿ ಕಂಪನಿಗಳ ಬಾಗಿಲು ಬಾಗಿಲಿಗೂ ಹೋಗುತ್ತದೆ, ಮೆಜೆಸ್ಟಿಕ್‌ಗೆ ಬರುವುದಿಲ್ಲ. ಮೆಜೆಸ್ಟಿಕ್‌ಗೆ ಬರಬೇಕಾದರೆ ನಡುವೆ ಇಳಿದು, ಗಂಟುಮೂಟೆ ಹೊತ್ತು ಇನ್ನೊಂದು ಗಾಡಿ ಹತ್ತಬೇಕು.

ಹಳ್ಳಿಯವರಿಗೆ ಬೆಂಗಳೂರು ಎಂದರೆ ಮೆಜೆಸ್ಟಿಕ್. ನಮ್ಮ ಊರಿನ ಬಸ್ ಹೊರಡುವುದು ಅಲ್ಲಿಂದ, ನಮ್ಮ ರೈಲು ಹೊರಡುವುದು ಅಲ್ಲಿಂದ. ರಾಯಚೂರಿಗೆ ಹೋಗುವವನಿಗೆ ಸಿಲ್ಕ್ ಬೋರ್ಡ್‌ನಲ್ಲಿ ಏನು ಕೆಲಸ? ಮೆಟ್ರೋ ದರವೂ 2025ರ ಫೆಬ್ರವರಿಯಲ್ಲಿ ಏರಿತು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ವಿಮಾನ ನಿಲ್ದಾಣದ ಮಾರ್ಗಕ್ಕೆ ಅದಕ್ಕಿಂತ ಹೆಚ್ಚಿಡುತ್ತಾರೋ ಏನೋ, ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಮೆಟ್ರೋ ಬರುತ್ತದೆ ಎಂಬುದು ಹಳಿಯ ಮೇಲೆ ರೈಲು ಓಡಿಸದಿರಲು ಕಾರಣವಾಗಬಾರದು.

ಬೇರೆ ಊರಿನವರು ಏನು ಮಾಡಿದ್ದಾರೆ? ಚೆನ್ನೈಗೆ ಹೋಗಿ ನೋಡಿ. ವಿಮಾನ ನಿಲ್ದಾಣದ ಎದುರು ರಸ್ತೆ ದಾಟಿದರೆ ತಿರುಶೂಲಂ ಸ್ಟೇಷನ್. ಕೆಲವೇ ನಿಮಿಷಕ್ಕೊಂದು ಲೋಕಲ್ ರೈಲು, ಟೀ ಬನ್ನಿನ ದುಡ್ಡಿಗೆ ಎಗ್ಮೋರ್. ಅದರ ಮೇಲೆ 2016ರಿಂದ ಮೆಟ್ರೋ ಕೂಡ ಇದೆ. ಮೆಟ್ರೋ ಬಂತೆಂದು ಲೋಕಲ್ ರೈಲು ನಿಲ್ಲಿಸಲಿಲ್ಲ. ಬೇಕಾದವರು ಅದು, ಬೇಕಾದವರು ಇದು. ದೆಹಲಿಯಲ್ಲಿ 2011ರಿಂದಲೇ ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮೆಟ್ರೋ, ಇಪ್ಪತ್ತು ನಿಮಿಷದಲ್ಲಿ ನ್ಯೂ ಡೆಲ್ಲಿ ರೈಲು ನಿಲ್ದಾಣದ ಬಾಗಿಲಿಗೆ ಬಿಡುತ್ತದೆ. ಕೋಲ್ಕತ್ತಾಗೆ 2025ರ ಆಗಸ್ಟ್‌ನಲ್ಲಿ ಬಂತು. ನಮ್ಮ ಹಾಗೆ 2008ರಲ್ಲೇ ಊರಾಚೆ ನಿಲ್ದಾಣ ಕಟ್ಟಿದ ಹೈದರಾಬಾದ್ ಮಾತ್ರ ನಮ್ಮ ಹಾಗೆಯೇ ಬಸ್ಸು, ಟ್ಯಾಕ್ಸಿ ನಂಬಿ ಕೂತಿದೆ. ಆದರೆ ನಮಗೆ ಹಳಿ ಪಕ್ಕದಲ್ಲೇ ಇದೆ. ಇದ್ದೂ ಬಳಸದವನನ್ನು ಏನೆನ್ನಬೇಕು?

ಭೂಮಿ ಕೊಟ್ಟವರ ಕಡೆಯಿಂದ

ಈ ನಿಲ್ದಾಣ ನಿಂತಿರುವುದು ಸುಮಾರು 4,000 ಎಕರೆಯಲ್ಲಿ. ಅದು ಬೀಳು ಬಿದ್ದ ಜಾಗವಲ್ಲ. ರಾಗಿ ಬೆಳೆದ, ದ್ರಾಕ್ಷಿ ಬೆಳೆದ, ಚಕ್ಕೋತ ಬೆಳೆದ ಸೀಮೆ. ಸುತ್ತಲಿನ ಹಳ್ಳಿಗಳ ಮೇಲೆ ಇವತ್ತಿಗೂ ಕಣ್ಣಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೈ ಹಾಕಿದಾಗ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಕೂತಿದ್ದಕ್ಕೆ ಉಳಿಯಿತು.

ಆ ಹೋರಾಟ ಬೇರೆ, ಈ ಪ್ರಶ್ನೆ ಬೇರೆ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ನೋಟ. ಯೋಜನೆ ಬರೆಯುವವನ ಕಣ್ಣಿಗೆ ಹಳ್ಳಿ ಎಂದರೆ ಖಾಲಿ ಜಾಗ, ಹಳ್ಳಿಯವನು ಎಂದರೆ ಸಹಿ ಹಾಕಬೇಕಾದವನು. ಅವನೂ ಒಂದು ದಿನ ಪ್ರಯಾಣಿಕನಾಗಿ ಬರುತ್ತಾನೆ, ಅವನ ಮಗಳು ಅಲ್ಲಿ ಕೆಲಸಕ್ಕೆ ಬರುತ್ತಾಳೆ ಎಂಬುದು ಆ ನಕ್ಷೆಯಲ್ಲಿ ಇಲ್ಲ. ವರ್ಷಕ್ಕೆ 4 ಕೋಟಿ ದಾಟಿ ಪ್ರಯಾಣಿಕರು ಓಡಾಡುವ ಜಾಗ ಅದು. ಟೋಲ್ ತಪ್ಪಿಸುವ ಕಾರುಗಳು ಬಾಗಲೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ನುಗ್ಗುತ್ತವೆ, ಆ ದೂಳು ಕುಡಿಯುವವರೂ ನಾವೇ.

ನಾವು ಕೇಳುವುದು

ನಾವು ಸುರಂಗ ಕೇಳುತ್ತಿಲ್ಲ, ಹೆಲಿಕಾಪ್ಟರ್ ಕೇಳುತ್ತಿಲ್ಲ. ಕೇಳುವುದು ನಾಲ್ಕೇ.

ಒಂದು, ಬೆಂಗಳೂರು ಸಿಟಿಯಿಂದ ವಿಮಾನ ನಿಲ್ದಾಣದ ಹಾಲ್ಟ್‌ಗೆ ಈಗಿರುವ ಹಳಿಯಲ್ಲೇ ಬೆಳಗ್ಗೆಯಿಂದ ರಾತ್ರಿಯವರೆಗೆ ಗಂಟೆಗೊಂದು ರೈಲು, ಭಾನುವಾರವೂ ಸೇರಿ. ಯಲಹಂಕದಿಂದ ದೇವನಹಳ್ಳಿವರೆಗೆ ಜೋಡಿ ಹಳಿ ಹಾಕಿ, ಆಮೇಲೆ ಅರ್ಧ ಗಂಟೆಗೊಂದು. ಇದು ರೈಲ್ವೆಯ ಕೆಲಸ. ಇವತ್ತು ರೈಲ್ವೆ ರಾಜ್ಯ ಸಚಿವರಾಗಿರುವ ವಿ. ಸೋಮಣ್ಣನವರು ನಮ್ಮ ತುಮಕೂರಿನ ಸಂಸದರೇ. ಇನ್ನೂ ದೂರದವರನ್ನು ಎಲ್ಲಿ ಹುಡುಕಿಕೊಂಡು ಹೋಗೋಣ?

ಎರಡು, ಪ್ರತಿ ರೈಲಿಗೂ ಟರ್ಮಿನಲ್‌ನಿಂದ ಶಟಲ್ ಬಸ್. ವಿಮಾನ ಇಳಿದು ಹೊರಬರುವ ಜಾಗದಲ್ಲಿ, ಟ್ಯಾಕ್ಸಿ ಬೋರ್ಡಿನಷ್ಟೇ ದೊಡ್ಡದಾಗಿ, ಕನ್ನಡದಲ್ಲಿ, ಮುಂದಿನ ರೈಲು ಎಷ್ಟು ಗಂಟೆಗೆ ಎಂಬ ಫಲಕ. ರೈಲು ಇದೆ ಎಂದು ಗೊತ್ತಾದರೆ ತಾನೇ ಜನ ಹತ್ತುವುದು.

ಮೂರು, ಟರ್ಮಿನಲ್ ಮುಂದಿನಿಂದಲೇ ಯಲಹಂಕ, ಹೆಬ್ಬಾಳ, ಮೆಜೆಸ್ಟಿಕ್‌ಗೆ ಬಿಎಂಟಿಸಿ ಸಾಮಾನ್ಯ ಬಸ್, ಶಕ್ತಿ ನಡೆಯುವ ಬಸ್. ವಾಯುವಜ್ರ ಇರಲಿ, ಎಸಿ ಬೇಕಾದವರು ಹೋಗಲಿ. ಎಸಿ ಬೇಡ ಎನ್ನುವ ಹಕ್ಕು ನಮಗೂ ಇರಲಿ. ಬಳ್ಳಾರಿ ರಸ್ತೆಯ ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ ವಿಮಾನ ನಿಲ್ದಾಣದ ತಿರುವಿನಲ್ಲಿ ನೆರಳಿರುವ ನಿಲುಗಡೆ, ಅಲ್ಲಿಂದ ಟರ್ಮಿನಲ್‌ಗೆ ಶಟಲ್. ಇದು ರಾಜ್ಯ ಸರ್ಕಾರದ ಕೆಲಸ. ಇದಕ್ಕೆ ಶಂಕುಸ್ಥಾಪನೆ ಬೇಡ, ಒಂದು ಆದೇಶ ಸಾಕು.

ನಾಲ್ಕು, ಸಂಪಿಗೆ ಮಾರ್ಗಕ್ಕೆ ಮೊದಲ ಸರದಿ. ಸುರಂಗಕ್ಕೆ ಒಂದು ರೂಪಾಯಿ ಕೊಡುವ ಮೊದಲು ಸಂಪಿಗೆಗೆ ಕೊಡಿ.

ಇದರಲ್ಲಿ ಒಂದು ಮತ್ತು ನಾಲ್ಕಕ್ಕೆ ವರ್ಷಗಳು ಬೇಕು ಎನ್ನಬಹುದು, ಒಪ್ಪೋಣ. ಗಂಟೆಗೊಂದು ರೈಲಿಗೆ, ಫಲಕಕ್ಕೆ, ಶಟಲ್‌ಗೆ, ಕೆಂಪು ಬಸ್ಸಿಗೆ ಎಷ್ಟು ದಿನ ಬೇಕು? ಸುರಂಗದ ಲೆಕ್ಕದಲ್ಲಿ ಅದು ಚಿಲ್ಲರೆ ದುಡ್ಡು.

ಕರ್ನಾಟಕಕ್ಕೆ 28 ಲೋಕಸಭಾ ಸದಸ್ಯರಿದ್ದಾರೆ. ಹೆಚ್ಚಿನವರು ದೆಹಲಿಗೆ ಹೋಗುವುದು ಇದೇ ನಿಲ್ದಾಣದಿಂದ. ಅವರನ್ನು ಇಳಿಸಲು, ಹತ್ತಿಸಲು ಕಾರು ಬರುತ್ತದೆ, ಹಾಗಾಗಿ ಇದು ಅವರಿಗೆ ಸಮಸ್ಯೆಯೇ ಅಲ್ಲ. ಸಮಸ್ಯೆ ಎಂದು ಅವರಿಗೆ ಅನ್ನಿಸುವಂತೆ ಮಾಡುವುದು ನಮ್ಮ ಕೆಲಸ. ನಿಮ್ಮ ಸಂಸದರು ಊರಿಗೆ ಬಂದಾಗ ಹಾರ ಹಾಕಿ, ತಪ್ಪಿಲ್ಲ. ಹಾರ ಹಾಕಿದ ಮೇಲೆ ಒಂದು ಪ್ರಶ್ನೆ ಕೇಳಿ: "ವಿಮಾನ ನಿಲ್ದಾಣದ ರೈಲಿನಲ್ಲಿ ಒಂದು ಸಲವಾದರೂ ಹೋಗಿದ್ದೀರಾ?" ಉತ್ತರ ಏನು ಬಂತೆಂದು ನಮಗೆ ಬರೆದು ಕಳಿಸಿ. ಕ್ಷೇತ್ರದ ಹೆಸರಿನ ಜೊತೆ ಹಾಕುತ್ತೇವೆ.

ಅಲ್ಲಿಯವರೆಗೆ, ನಿಮ್ಮ ಮನೆಯವರು ಯಾರಾದರೂ ಅಲ್ಲಿ ಇಳಿಯುವವರಿದ್ದರೆ ಇಷ್ಟು ಹೇಳಿ ಕಳಿಸಿ. ಹೊರಗೆ ಬಂದು "ಬಸ್ ಇಲ್ಲ" ಎನ್ನುವವನ ಮಾತು ನಂಬಬೇಡಿ, ಮೆಜೆಸ್ಟಿಕ್‌ಗೆ ಕೆಐಎ-9 ಎಲ್ಲಿ ನಿಲ್ಲುತ್ತದೆ ಎಂದು ಸಮವಸ್ತ್ರದಲ್ಲಿರುವ ಸಿಬ್ಬಂದಿಯನ್ನು ಕೇಳಿ. ಹಗಲಲ್ಲಿ ಇಳಿದರೆ, ಹೊರಡುವ ಮೊದಲೇ ಮೊಬೈಲಿನಲ್ಲಿ ಹಾಲ್ಟ್‌ನ ರೈಲಿನ ಸಮಯ ನೋಡಿಟ್ಟುಕೊಳ್ಳಿ, ಹೊಂದಿದರೆ ಅದರಲ್ಲೇ ಬನ್ನಿ. ಆ ರೈಲಿಗೆ ನೀವು ಕೊಂಡ ಒಂದೊಂದು ಟಿಕೆಟೂ "ಜನ ಹತ್ತುವುದಿಲ್ಲ" ಎನ್ನುವವರಿಗೆ ಕೊಟ್ಟ ಉತ್ತರ.